ಮಹಡಿಯ ಟೀಚರು ಸಾಕಿದ ಜೀವಿಗಳು

ಗೋಪಾಳ ಬಡಾವಣೆಯ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ, ಭದ್ರಾವತಿಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಟೀಚರೊಬ್ಬರಿದ್ದರು. ಅವರ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ, ಯಾವುದೋ ಹಳೆಯ ಪ್ರೋಗ್ರಾಮಿನೊಳಗೆ, ಅಕ್ಕಿಕಾಳಿನಷ್ಟು ಪುಟ್ಟ ಹಸಿರು ಜೀವಿಗಳು ತೇಲುತ್ತಿದ್ದವು. ಅವು ತಿನ್ನುತ್ತಿದ್ದವು, ಮರಿಹಾಕುತ್ತಿದ್ದವು, ಸಾಯುತ್ತಿದ್ದವು. ಪ್ರತಿ ಪೀಳಿಗೆಯಲ್ಲೂ ಏನೋ ಒಂದು ಚೂರು ಬದಲಾಗುತ್ತಿತ್ತು. ಟೀಚರು ಕನ್ನಡಕ ಹಣೆಗೇರಿಸಿ, ಗಲ್ಲಕ್ಕೆ ಕೈಯಿಟ್ಟು ಗಂಟೆಗಟ್ಟಲೆ ನೋಡುತ್ತಿದ್ದರು. ಏನಾದರೂ ಆಯಿತೇ ಎಂದು ನಾನು ಕೇಳಿದರೆ, "ಅವಕ್ಕೇನು ಅವಸರ ಮಾರಾಯ್ತಿ," ಎನ್ನುತ್ತಿದ್ದರು.

ಏಳು ತಿಂಗಳಾದ ಮೇಲೆ ಒಂದು ಜೀವಿಗೆ ಬಾಲದಂಥದ್ದು ಮೂಡಿ, ಅದು ದಿಕ್ಕು ತಿರುಗಿಸಿ ಈಜಲು ಕಲಿಯಿತು. "ನಾನು ಹೇಳಿಕೊಟ್ಟಿದ್ದಲ್ಲ, ನೋಡು," ಎಂದು ಟೀಚರು ನನ್ನನ್ನು ಕರೆದು ಮೆಲ್ಲಗೆ ತೋರಿಸಿದರು. ಅದನ್ನು ಉಳಿಸಿಡುವ ಸೌಲಭ್ಯ ಆ ಪ್ರೋಗ್ರಾಮಿನಲ್ಲಿ ಇರಲಿಲ್ಲ. ಕರೆಂಟು ಹೋದರೆ ಬ್ಯಾಟರಿಯ ಯುಪಿಎಸ್ಸೇ ಅವುಗಳ ಪ್ರಾಣ.

ಅದೇ ವಾರ ಒಂದು ಮಧ್ಯಾಹ್ನ ಕರೆಂಟು ಹೋದಾಗ ನನ್ನ ಅಮ್ಮನಿಗೆ ಉಬ್ಬಸ ಏರಿತು. ಔಷಧಿಯ ಹಬೆ ಕೊಡುವ ಯಂತ್ರ ನಿಂತುಹೋಗಿತ್ತು. ನಾನು ಮಹಡಿಗೆ ಓಡಿ ಬಾಗಿಲಲ್ಲೇ ವಿಷಯ ಹೇಳಿದೆ. ಟೀಚರು ಪರದೆಯತ್ತ ಒಮ್ಮೆ ನೋಡಿ, ವೈರು ಕಿತ್ತು, ಯುಪಿಎಸ್ಸನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು. ಉಸಿರು ಹದಕ್ಕೆ ಬರುವವರೆಗೂ ಅಮ್ಮನ ಬೆನ್ನು ಸವರುತ್ತ ಕೂತಿದ್ದರು.

ಸಂಜೆ ಕರೆಂಟು ಬಂದ ಮೇಲೆ ನಾನು ಮಹಡಿಗೆ ಹೋದಾಗ ಪರದೆಯಲ್ಲಿ ಹೊಸ ಕಾಳುಗಳು ಬಾಲವಿಲ್ಲದೆ, ಗೊತ್ತುಗುರಿಯಿಲ್ಲದೆ ತೇಲುತ್ತಿದ್ದವು.

"ಆ ಈಜೋದು ಮತ್ತೆ ಬರುತ್ತಾ ಟೀಚರ್?"

"ಅದು ಬರೋದಿಲ್ಲ. ಬೇರೆ ಏನೋ ಬರಬಹುದು," ಎಂದು ಅವರು ತಮ್ಮ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದರು. ಹೊರಗೆ ಕತ್ತಲಾದದ್ದು ನಮ್ಮಿಬ್ಬರಿಗೂ ತಿಳಿಯಲಿಲ್ಲ.