ಗಟ್ಟಿಮೇಳದ ಡ್ರಮ್ಮರ್

ನಮ್ಮ ಮಾಲೂರಿನ ಬ್ಲೂಸ್ ಬ್ಯಾಂಡಿಗೆ ಸಿಕ್ಕಿದ ಡ್ರಮ್ಮರ್ ರಾಯಲ್ಪಾಡಿನವನು, ಮದುವೆಗಳಲ್ಲಿ ಡೋಲು ಬಾರಿಸುತ್ತಿದ್ದವನು. ಬೇಸಿಗೆಯ ಸಂಗೀತೋತ್ಸವಗಳಿಗೂ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲೇ ಬರುತ್ತಿದ್ದ. ಹಾಡು ಎಲ್ಲಿ ಏರಬೇಕೆಂದು ನಾವು ವಿವರಿಸಲು ಹೊರಟರೆ, "ಸರೇ, ಕೈ ಎತ್ತಿ, ಸಾಕು," ಅನ್ನುತ್ತಿದ್ದ. ತಾಳಿ ಕಟ್ಟುವಾಗ ಪುರೋಹಿತರು ಕೈ ಎತ್ತಿದರೆ ಗಟ್ಟಿಮೇಳ. ಸೀನು, ಅಳು, ಅಂಥ ಯಾವ ಅಪಶಕುನವೂ ಯಾರ ಕಿವಿಗೂ ಬೀಳಬಾರದು. ಅವನ ಕಸುಬೇ ಅದು.

ಕೋಲಾರದ ಹತ್ತಿರ ಒಂದು ಉತ್ಸವದಲ್ಲಿ ನಮ್ಮ ಹಾಡುಗಾರ, ಆ ಮಾರ್ಚಿನಲ್ಲಷ್ಟೇ ತಾಯಿಯನ್ನು ಕಳೆದುಕೊಂಡಿದ್ದವನು, ಅವಳ ಮೇಲೆ ಕಟ್ಟಿದ ಹಾಡಿನ ನಡುವೆ ಮೈಕಿನೆದುರೇ ಬಿಕ್ಕಿದ. ನಾನು ಗಿಟಾರ್ ನಿಲ್ಲಿಸಿದೆ. ಯಾರೂ ಕೈ ಎತ್ತಿರಲಿಲ್ಲ. ಡ್ರಮ್ಮರ್ ಗಟ್ಟಿಮೇಳ ಶುರುಮಾಡಿದ, ಹಾಡುಗಾರ ಮೂಗು ಒರೆಸಿಕೊಂಡು ತಲೆ ಎತ್ತುವವರೆಗೂ ಬಿಡಲಿಲ್ಲ. ಜನ ಎದ್ದು ಕುಣಿದರು.

ವೇದಿಕೆ ಇಳಿದ ಮೇಲೆ ಹಾಡುಗಾರ ರೇಗಿದ. "ಲೇ, ಬ್ಲೂಸ್ ಅಂದ್ರೆ ಅಳೋದೇ ಕಣೋ."

ಡ್ರಮ್ಮರ್ ಪಂಚೆಯ ನೆರಿಗೆ ಸರಿಮಾಡಿಕೊಂಡ. "ಹಾಡ್ತಾ ಅಳು, ನಾನು ಮೆಲ್ಲಗೆ ಬಾರಿಸ್ತೀನಿ. ಹಾಡು ಬಿಟ್ಟು ಅತ್ರೆ ಒಬ್ರಿಗೂ ಕೇಳ್ಸಕ್ಕೆ ಬಿಡಲ್ಲ."