ನೆಗೆಣ್ಣಿಯ ಪುಟ್ಟ ಕಂಪ್ಯೂಟರ್ ಮತ್ತು ನನ್ನ ಹೊಟ್ಟೆಕಿಚ್ಚು

ಹೋದ ವರ್ಷ ಸೋಯಾಬೀನ್ ರಾಶಿ ಮುಗಿದು, ದೀಪಾವಳಿ ಇನ್ನೂ ಬರಬೇಕಿದ್ದ ದಿನಗಳು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಅಂಬಿಕಾ ಹೊಸ ಕಂಪ್ಯೂಟರ್ ತರಿಸಿದಳು. ಮರಾಠಿ ಸೀಮೆಯ ಉದಗೀರದ ನಮ್ಮ ಮನೆಗೆ ಕೊರಿಯರ್‌ನವನು ತಂದುಕೊಟ್ಟ ಪೆಟ್ಟಿಗೆ ನೋಡಿ ನಾನು ಮಿಕ್ಸರ್ ಇರಬೇಕು ಅಂದುಕೊಂಡೆ. ಬಿಚ್ಚಿದರೆ ಒಳಗೆ ಹಿಟ್ಟಿನ ಡಬ್ಬಿಗಿಂತ ಸ್ವಲ್ಪ ಸಣ್ಣದಾದ ಒಂದು ಕಪ್ಪು ಡಬ್ಬಿ. ಹೊರಗೆ ಎಲ್ಲೂ ಸ್ಕ್ರೂ ಕಾಣುವುದಿಲ್ಲ, ಹಿಂದೆ ಒಂದೇ ಒಂದು ಕರೆಂಟ್ ವೈರು.

ಅತ್ತೆ ಅದರ ಸುತ್ತ ಒಂದು ಸಲ ತಿರುಗಿ ನೋಡಿದರು. ಬೆಲೆ ಕೇಳಿ ಅಲ್ಲೇ ಕೂತು, ನನ್ನ ಕಡೆ ಕೈ ಮಾಡಿದರು.

"ಶೈಲಾನ ಕಂಪ್ಯೂಟರ್ ಗೋದ್ರೇಜ್ ಕಪಾಟಿನಂಗ ದೊಡ್ಡದದ, ಅದಕ್ಕ ಕಮ್ಮಿ ರೊಕ್ಕ. ಇಷ್ಟು ಸಣ್ಣದಕ್ಕ ಅದರ ಮೂರು ಪಟ್ಟು. ಇದೆಂಥಾ ಹಿಸಾಬ? ಕಶಾಲಾ, ಯಾಕ ಬೇಕಿತ್ತ ಇದು?"

ಅಂಬಿಕಾ ನಕ್ಕಳು. "ಸಣ್ಣದ ಮಾಡಿದ್ದಕ್ಕೇ ಜಾಸ್ತಿ ರೊಕ್ಕ ಅತ್ತಿ."

ನಾನೂ ನಕ್ಕೆ. ಆದರೆ ಕಣ್ಣು ಆ ಡಬ್ಬಿಯ ಮೇಲೇ ಇತ್ತು.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ತವರು ಭಾಲ್ಕಿ. ಮದುವೆಯಾಗಿ ಉದಗೀರಕ್ಕೆ ಬಂದ ಮೇಲೆ, ಮನೆ ಕಟ್ಟುವವರಿಗೆ ಕಟ್ಟುವ ಮೊದಲೇ ಅವರ ಮನೆ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಮಾಡಿ ತೋರಿಸುವ ಕೆಲಸ ಕಲಿತೆ. ಊರಿನ ಇಬ್ಬರು ಮೂವರು ಇಂಜಿನಿಯರ್‌ಗಳು ನನಗೆ ಕೆಲಸ ಕೊಡುತ್ತಾರೆ. ಸ್ಟೇಷನ್ ರೋಡಿನ ಅಂಗಡಿಯವನು ಬೇರೆ ಬೇರೆ ಭಾಗ ಜೋಡಿಸಿ ಕೊಟ್ಟ ನನ್ನ ಮಷೀನು ಗಿರಣಿಯ ಹಾಗೆ ಸದ್ದು ಮಾಡುತ್ತದೆ. ಒಂದು ಬದಿಯ ತಗಡು ತೆಗೆದಿಟ್ಟು ಎದುರಿಗೆ ಟೇಬಲ್ ಫ್ಯಾನ್ ಹಚ್ಚಬೇಕು. ಹಾಲ್‌ನ ನೆಲದ ಫರಸಿಯ ಮೇಲೆ ದೀಪದ ಹೊಳಪು ಬಿದ್ದ ಒಂದು ಚಿತ್ರ ಬೇಕೆಂದರೆ, ಅದಕ್ಕೆ ಕೆಲಸ ಹಚ್ಚಿ ನಾನು ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದು, ಎಲ್ಲರಿಗೂ ಬಡಿಸಿ ಬಂದರೂ ಅದು ಇನ್ನೂ ಅರ್ಧಕ್ಕೇ ನಿಂತಿರುತ್ತದೆ.

ಅಂಬಿಕಾಳದು ಬೇರೆ ಲೋಕ. ಆಕೆ ಕಾರ್ ಓಡಿಸುವ ಆಟ ಆಡುತ್ತಾಳೆ. ಆಡುವುದನ್ನು ನೂರಾರು ಜನ ತಮ್ಮ ಮೊಬೈಲಿನಲ್ಲಿ ಕೂತು ನೋಡುತ್ತಾರೆ. ಅದರಿಂದ ಬಂದ ದುಡ್ಡು, ಮದುವೆಗೆ ಮೊದಲು ಬಸವಕಲ್ಯಾಣದಲ್ಲಿ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಸೇರಿಸಿ ಈ ಡಬ್ಬಿ ತರಿಸಿದ್ದಳು. ಯಾರ ಹತ್ತಿರವೂ ಕೇಳಿರಲಿಲ್ಲ. ಹಾಗಾಗಿ ಯಾರೂ ಏನೂ ಅನ್ನುವ ಹಾಗಿರಲಿಲ್ಲ, ನಾನಂತೂ ಅಲ್ಲವೇ ಅಲ್ಲ.

ಆ ಸಂಜೆ ಆಕೆ ನನ್ನನ್ನು ಕರೆದು ತೋರಿಸಿದಳು. ಪರದೆಯ ಮೇಲೆ ಮಳೆ ಬಿದ್ದ ಒಂದು ರಸ್ತೆ. ಕಾರು ತಿರುಗಿದ ಹಾಗೆ ಅಂಗಡಿಗಳ ದೀಪ ನಿಂತ ನೀರಿನಲ್ಲಿ ಹೊಳೆದು, ಚದುರಿ, ಮತ್ತೆ ಕೂಡುತ್ತಿತ್ತು. ನಾನು ಒಂದು ಚಿತ್ರಕ್ಕಾಗಿ ಒಂದು ಹೊತ್ತು ಕಾಯುವ ಆ ಹೊಳಪನ್ನು ಈ ಡಬ್ಬಿ ಕಣ್ಣು ಮಿಟುಕಿಸುವುದರೊಳಗೆ ಮಾಡಿ ಬಿಸಾಡುತ್ತಿತ್ತು. ಅದೂ ಆಟಕ್ಕೆ. ಸದ್ದೇ ಇಲ್ಲ. ಆಕೆಯ ಬಳೆಯ ಸದ್ದು ಕೇಳುತ್ತಿತ್ತು, ಅಷ್ಟೇ.

"ಮಸ್ತ್ ಅದ," ಅಂದು ಎದ್ದು ಬಂದೆ. ಬಂದು ನನ್ನ ಮಷೀನಿನ ಮುಂದೆ ಕೂತರೆ ಅದರ ಮುಖ ನೋಡಲೂ ಮನಸ್ಸಾಗಲಿಲ್ಲ.

ಮರುದಿನವೇ ಸ್ಟೇಷನ್ ರೋಡಿನ ಅಂಗಡಿಗೆ ಹೋಗಿ ಆ ಡಬ್ಬಿಯ ವಿಷಯ ತೆಗೆದೆ. ಅಂಗಡಿಯವನು, "ಮ್ಯಾಡಂ, ಒಳಗಿರೋ ಸಾಮಾನ ಎಲ್ಲಾ ಅದೇ, ನಾ ದೊಡ್ಡ ಕ್ಯಾಬಿನೆಟ್‌ನ್ಯಾಗ ಹಾಕಿ ಕೊಡ್ತೀನ್ರಿ, ಎಷ್ಟೋ ಕಮ್ಮಿ ಬೀಳ್ತದ. ನಾಳಿ ಕೆಟ್ಟರ ನನ್ನ ಕಡಿ ಬರಬಹುದು. ಅದು ಕೆಟ್ಟರ ಇಡೀ ಉದಗೀರದಾಗ ಯಾರೂ ಬಿಚ್ಚೋರಿಲ್ಲ," ಅಂದ. ನನಗೆ ಅಷ್ಟು ಸಮಾಧಾನ ಬೇಕಿತ್ತು. ಮನೆಗೆ ಬಂದು ಯಾರೂ ಕೇಳದಿದ್ದರೂ ಆ ಮಾತನ್ನು ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿದೆ. ಅಂಬಿಕಾ, "ಖರೇ ಅದ ಅಕ್ಕಾ," ಅಂದು ಅನ್ನಕ್ಕೆ ಸಾರು ಹಾಕಿಕೊಂಡಳು. ವಾದ ಮಾಡಿದ್ದರೆ ಚೆನ್ನಾಗಿತ್ತು.

ಅದೇ ವಾರ ನನಗೆ ದೊಡ್ಡ ಕೆಲಸದ ಕೊನೆಯ ಹಂತ ಬಂತು. ಉಮರ್ಗಾ ಹತ್ತಿರದ ದಾಳಿಂಬದಲ್ಲಿ ನಮ್ಮ ಹಾಗೇ ಕನ್ನಡದ ಮಂದಿಯಾದ ಹಳೆಯ ರೈತ ಮನೆತನದವರು ಸೇರಿ ಒಂದು ಮಂಗಲ ಕಾರ್ಯಾಲಯ, ಅಂದರೆ ಮದುವೆಯ ಛತ್ರ, ಕಟ್ಟಿಸಬೇಕೆಂದಿದ್ದರು. ಅದರ ಇಂಜಿನಿಯರ್ ಪಾಟೀಲ ಸರ್, ಒಳಗೆಲ್ಲ ನಡೆದಾಡಿ ನೋಡುವ ಹಾಗೆ ಅದನ್ನು ಕಂಪ್ಯೂಟರಿನಲ್ಲಿ ಮಾಡಲು ನನಗೆ ಹೇಳಿದ್ದರು. ಬರೇ ವಿಡಿಯೋ ಅಲ್ಲ. ಹಿರಿಯರು ಯಾವ ಕಡೆ ತಿರುಗು ಅನ್ನುತ್ತಾರೋ ಆ ಕಡೆ ತಿರುಗಿಸಿ, ಯಾವ ಬಾಗಿಲು ಅನ್ನುತ್ತಾರೋ ಅದನ್ನು ತೆಗೆದು ತೋರಿಸಬೇಕು. ಸರ್ ಅವರ ಲ್ಯಾಪ್‌ಟಾಪಿನಲ್ಲಿ ಅದು ಓಡುತ್ತಿರಲಿಲ್ಲ. ನನ್ನ ಮಷೀನಿನಲ್ಲಿ ತಡೆದು ತಡೆದು ಓಡುತ್ತಿತ್ತು. ಅದನ್ನೇ ದಾಳಿಂಬಕ್ಕೆ ಒಯ್ಯಬೇಕು ಅಂತಾಯಿತು.

ಹೊರಡುವ ಹಿಂದಿನ ದಿನ ಅಂಬಿಕಾ ನನ್ನ ಕೋಣೆಗೆ ಬಂದಳು.

"ಅಕ್ಕಾ, ನನ್ನದೇ ಒಯ್ಯರಿ. ಚೀಲದಾಗ ಹಿಡೀತದ."

"ನನ್ನದು ನನಗ ಸಾಕು," ಅಂದೆ. "ನೀನೂ ನಾಳಿ ತವರಿಗಿ ಒಯ್ಯೋಳಿದ್ದಿ ಅಲಾ."

ಹೌದು, ಆಕೆ ಬಸವಕಲ್ಯಾಣಕ್ಕೆ ಹೊರಟಿದ್ದಳು, ಡಬ್ಬಿಯ ಸಮೇತ. ಉಮರ್ಗಾ ತನಕ ನಮ್ಮ ಜೊತೆಗೇ ಬಂದು ಅಲ್ಲಿಂದ ಬಸ್ ಹಿಡಿಯುವುದು ಅಂತ ಮಾತಾಗಿತ್ತು.

ಪಾಟೀಲ ಸರ್ ಅವರ ಕಾರಿನ ಹಿಂದಿನ ಸೀಟಿನಲ್ಲಿ ಆ ಕಡೆ ಅಂಬಿಕಾ, ಈ ಕಡೆ ನಾನು, ನಡುವೆ ಕೌದಿ ಸುತ್ತಿದ ನನ್ನ ಮಷೀನು ಮೂರನೇ ಹೆಂಗಸಿನ ಹಾಗೆ ಕೂತಿತ್ತು. ಆಕೆಯ ಡಬ್ಬಿ ಆಕೆಯ ತೊಡೆಯ ಮೇಲಿನ ಚೀಲದಲ್ಲಿ. ನಿಲಂಗಾ ದಾಟುವ ತನಕ ಎಲ್ಲ ಸರಿ ಇತ್ತು. ಕಾಸಾರಶಿರಸಿಯಿಂದ ಮುಂದೆ ರಸ್ತೆ ಅಗೆದು ಹಾಕಿದ್ದರು. ಕಾರು ಒಂದು ತಗ್ಗಿಗೆ ಇಳಿದು ಎದ್ದಾಗ ಮಷೀನಿನೊಳಗೆ ಟಕ್ ಅಂತ ಸದ್ದಾಯಿತು.

"ಅಕ್ಕಾ, ಮಲಗಿಸಿ ಇಡೋಣೇನು? ಒಳಗಿನ ಕಾರ್ಡ್ ಭಾಳ ಭಾರ ಇರ್ತದ," ಅಂದಳು ಅಂಬಿಕಾ.

"ನನಗ ಗೊತ್ತದ," ಅಂದು ನಾನು ಅದನ್ನು ನೆಟ್ಟಗೇ ಹಿಡಿದುಕೊಂಡೆ.

ಉಮರ್ಗಾ ಬಸ್ ಸ್ಟ್ಯಾಂಡಿನಲ್ಲಿ ಆಕೆ ಇಳಿದಳು. ನಾವು ದಾಳಿಂಬ ಮುಟ್ಟಿದೆವು. ಊರಿನ ಹಿರಿಯ ಬಸಪ್ಪ ಮುತ್ಯಾ ಅವರ ಪಡಸಾಲೆಯಲ್ಲಿ ದೊಡ್ಡ ಟಿವಿ ಇಟ್ಟು, ಜಮಖಾನೆ ಹಾಸಿ, ಮೂವತ್ತು ನಲವತ್ತು ಮಂದಿ ಕೂತಿದ್ದರು. ಒಂದು ಬದಿ ಹೆಣ್ಣುಮಕ್ಕಳೂ ಸೆರಗು ಹೊದ್ದು ಕೂತಿದ್ದರು. ನಾನು ವೈರು ಜೋಡಿಸಿ ಬಟನ್ ಒತ್ತಿದೆ. ಫ್ಯಾನು ತಿರುಗಿತು, ಸದ್ದು ಬಂತು, ದೀಪ ಹತ್ತಿತು. ಟಿವಿ ಕಪ್ಪಗೇ ಇತ್ತು.

ಮತ್ತೆ ಒತ್ತಿದೆ. ಮತ್ತೆ ಕಪ್ಪು. ತಗಡು ತೆಗೆದು ನೋಡಿದೆ. ಪರದೆಗೆ ಚಿತ್ರ ಕಳಿಸುವ ಭಾರದ ಗ್ರಾಫಿಕ್ಸ್ ಕಾರ್ಡು ತಾನು ಕೂತ ಜಾಗವನ್ನೇ ಮುರಿದುಕೊಂಡು ಜೋತುಬಿದ್ದಿತ್ತು. ಒತ್ತಿ ಕೂರಿಸುವ ಕೆಲಸ ಅಲ್ಲ ಅದು.

ಪಾಟೀಲ ಸರ್ ಮುಖ ಕೆಂಪಾಗಿತ್ತು. "ಈ ಮಂದಿನ್ನ ಒಂದ್ ಕಡಿ ಕೂಡಸ್ಲಕ್ಕ ನನಗ ಎರಡು ತಿಂಗಳು ಹಿಡದದ," ಅಂತ ಮೆಲ್ಲಗೆ ಅಂದರು. ಲಾತೂರಿನ ಇನ್ನೊಬ್ಬ ಇಂಜಿನಿಯರ್ ಕೂಡ ಈ ಕೆಲಸಕ್ಕೆ ಕಾಯುತ್ತಿದ್ದ. ಮುತ್ಯಾ ಮಾತ್ರ, "ಸಾವಕಾಶ ಮಾಡ್ರಿ ಬಾಯಿ, ಚಹಾ ತಗೋರಿ," ಅಂದರು. ‘ಬಾಯಿ’ ಅಂತ ಗೌರವದಿಂದ ಕರೆದ ಆ ಮರ್ಯಾದೆಯ ಮಾತಿಗೇ ನನಗೆ ಕಣ್ಣಲ್ಲಿ ನೀರು ಬರುವ ಹಾಗಾಯಿತು.

ಆಗ ನನಗೆ ಫೋನು ಬಂತು. ಅಂಬಿಕಾ.

"ಮುಟ್ಟಿದ್ರೇನಕ್ಕಾ? ಮಷೀನ್ ಬರೋಬ್ಬರ್ ಅದನೋ ಇಲ್ಲೋ? ಆ ಟಕ್ ಅಂದಿದ್ದು ನನ್ನ ತಲ್ಯಾಗೇ ಕುಂತದ."

ಸುಳ್ಳು ಹೇಳಬೇಕು ಅಂತ ಬಾಯಿ ತೆಗೆದರೂ ನಿಜವೇ ಬಂತು. "ಚಾಲೂ ಆಗವಲ್ದು," ಅಂದೆ.

"ನಾ ಬರ್ಲತ್ತೀನಿ," ಅಂದಳು. ಬಾ ಅಂತ ನಾನು ಹೇಳಿರಲಿಲ್ಲ. ಹಿಂದೆ ಬಸ್ ಕಂಡಕ್ಟರ್‌ಗೆ, "ಥಾಂಬಾ ಥಾಂಬಾ, ಉತರಾಯಚಂ ಆಹೆ," ಅಂತ ಇಳಿಯಬೇಕೆಂದು ಮರಾಠಿಯಲ್ಲಿ ಕೂಗಿದ್ದು ಕೇಳಿತು. ಫೋನು ಕಟ್ಟಾಯಿತು.

ಎರಡು ಸಲ ಚಹಾ ಆಗುವಷ್ಟರಲ್ಲಿ ಷೇರ್ ಆಟೋದಲ್ಲಿ ಬಂದು ಇಳಿದಳು. ತಲೆಯೆಲ್ಲ ಧೂಳು. ಚೀಲವನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದಳು. ನಾನು ಕೆಲಸದ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ತಂದಿದ್ದೆ. ಡಬ್ಬಿಗೆ ಚುಚ್ಚಿದ್ದೇ ತಡ, ಟಿವಿಯ ತುಂಬ ನನ್ನ ಮಂಗಲ ಕಾರ್ಯಾಲಯ ಎದ್ದು ನಿಂತಿತು. ನಾನು ಮಾಡಿದ್ದ ಕಟ್ಟಡವನ್ನು ನಾನೇ ಹಾಗೆ ನೋಡಿರಲಿಲ್ಲ. ಕಿಟಕಿಯ ಬೆಳಕು ಫರಸಿಯ ಮೇಲೆ ಬಿದ್ದು, ನಡೆದ ಹಾಗೆ ಸರಿಯುತ್ತಿತ್ತು. ಎಲ್ಲೂ ತಡೆಯಲಿಲ್ಲ.

ಅಂಬಿಕಾ ಆಟ ಆಡುವ ರಿಮೋಟ್ ಕೈಯಲ್ಲಿ ಹಿಡಿದು ಎಲ್ಲರನ್ನೂ ಒಳಗೆ ನಡೆಸಿಕೊಂಡು ಹೋದಳು. ಮುತ್ಯಾ ಅಡುಗೆಮನೆ ಅಂದರೆ ಅಡುಗೆಮನೆ, ಮೇಲಿನ ಕೋಣೆ ಅಂದರೆ ಮೆಟ್ಟಿಲು ಹತ್ತಿ ಮೇಲಿನ ಕೋಣೆ. ಹೆಣ್ಣುಮಕ್ಕಳ ಕಡೆಯಿಂದ ಒಬ್ಬ ವಯಸ್ಸಾದ ಆಯಿ, "ನಾವು ಕೂಡೋ ಕಡಿ ಹೋಗವ್ವಾ. ಅಲ್ಲಿ ಕುಂತು ತೋರ್ಸು," ಅಂದರು. ಅಂಬಿಕಾ ನೋಟವನ್ನು ನೆಲದ ಮೇಲೆ ಕೂತವರ ಎತ್ತರಕ್ಕೆ ಇಳಿಸಿದಳು. ಎದುರಿಗೆ ಒಂದು ದಪ್ಪ ಕಂಬ. ಮದುಮಕ್ಕಳು ಕೂಡುವ ಜಾಗ ಕಾಣುತ್ತಲೇ ಇರಲಿಲ್ಲ.

"ಅಕ್ಕಿಕಾಳು ಯಾರ ಮ್ಯಾಲ ಹಾಕೋದು, ಕಂಬದ ಮ್ಯಾಲೇನು?" ಅಂದರು ಆಯಿ. ಇಡೀ ಪಡಸಾಲೆ ನಕ್ಕಿತು. ಪಾಟೀಲ ಸರ್ ಕಂಬ ಸರಿಸಿ ಕಟ್ಟುವುದಾಗಿ ಅಲ್ಲೇ ಒಪ್ಪಿಕೊಂಡರು. ಮುತ್ಯಾ ಊರವರ ಕಡೆ ತಿರುಗಿ, "ಇವ್ರಿಗೇ ಕೊಟ್ಟೀವಿ ಕೆಲಸ," ಅಂದರು.

ನನಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಆದರೆ ಎಲ್ಲರೂ ಅಂಬಿಕಾಳ ಸುತ್ತ ನಿಂತಿದ್ದರು. "ಏನ್ ಮಷೀನಪ್ಪಾ, ಇಷ್ಟು ಸಣ್ಣ ಡಬ್ಬಿ." "ಈಕಿ ಏನ್ ನಡಸ್ತಾಳ ನೋಡು." ಅಂಬಿಕಾ, "ಮುತ್ಯಾ, ನಾ ಬರೇ ನಡಸೀನ್ರಿ. ಕಟ್ಟಿದಾಕಿ ನಮ್ಮ ಅಕ್ಕ," ಅಂತ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ ನನ್ನ ಕೆಲಸ, ಹೊಗಳಿಕೆ ಆ ಡಬ್ಬಿಗೆ. ನಾನು ಮೂಲೆಯಲ್ಲಿ ಕೂತು ನನ್ನ ಮುರಿದ ಮಷೀನಿಗೆ ಕೌದಿ ಸುತ್ತಿದೆ. ನನ್ನನ್ನು ಉಳಿಸಿದವಳ ಮೇಲೆಯೇ ಅಷ್ಟು ಉರಿ ಬರಬಹುದು ಅಂತ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ವಾಪಸ್ ಬರುವಾಗ ಉಮರ್ಗಾದಲ್ಲಿ ಆಕೆ ಇಳಿಯಲಿಲ್ಲ.

"ತವರಿಗಿ ಹೋಗಲ್ಲೇನು?" ಅಂದೆ.

"ಇವತ್ತ ಬ್ಯಾಡಕ್ಕಾ," ಅಂದು ಕಿಟಕಿಯ ಆಚೆ ನೋಡಿದಳು. ಸೂರ್ಯ ಮುಳುಗುತ್ತಿದ್ದ.

ಮನೆಗೆ ಬಂದಾಗ ಮೈದುನ ಅಂಗಳದಲ್ಲೇ ಇದ್ದ. ಹೆಂಡತಿಯನ್ನು ನೋಡಿ ಗಾಬರಿಯಾಗಿ, "ನೀ ಇಲ್ಲಿ ಹ್ಯಾಂಗ? ಸ್ಪರ್ಧಾ?" ಅಂದ. ಆಗ ಗೊತ್ತಾಯಿತು. ಆ ಸಂಜೆ ಆಕೆಯ ಕಾರ್ ಆಟದ ದೊಡ್ಡ ಸ್ಪರ್ಧೆ ಇತ್ತು. ನಮ್ಮ ಮನೆಯ ಇಂಟರ್ನೆಟ್ ಆಗಾಗ ಹೋಗುತ್ತದೆ ಅಂತ, ಅದು ಚೆನ್ನಾಗಿರುವ ತವರಿನ ತಮ್ಮನ ಮನೆಗೆ ಹೊರಟಿದ್ದಳು. ಡಬ್ಬಿ ತರಿಸಿದ್ದೇ ಅದಕ್ಕಾಗಿ. ನಾವು ನಿಲಂಗಾ ದಾಟುವ ಹೊತ್ತಿಗೆ ಅದು ಮುಗಿದುಹೋಗಿತ್ತು.

ಅಡುಗೆಮನೆಯಲ್ಲಿ ಆಕೆ ಒಬ್ಬಳೇ ಸಿಕ್ಕಾಗ ಕೇಳಿದೆ. ಕೇಳಿದ್ದೂ ಸಿಟ್ಟಿನಿಂದಲೇ. "ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಬರಗೊಡ್ತಿದ್ದಿಲ್ಲ," ಅಂದಳು ಈರುಳ್ಳಿ ಹೆಚ್ಚುತ್ತ. "ಸ್ಪರ್ಧಾ ಮತ್ತ ಬರ್ತದ ಅಕ್ಕಾ. ದಾಳಿಂಬದ ಅಷ್ಟು ಮಂದಿ ಮತ್ತ ಬಂದು ಕೂಡ್ತಿದ್ರೇನು?"

ಆಕೆಯ ಕೈಯಿಂದ ಚಾಕು ತೆಗೆದುಕೊಂಡು ನಾನೇ ಈರುಳ್ಳಿ ಹೆಚ್ಚಿದೆ.

ನನ್ನ ಮಷೀನನ್ನು ಸ್ಟೇಷನ್ ರೋಡಿನ ಅಂಗಡಿಯವನು ಮರುದಿನ ಮಧ್ಯಾಹ್ನದೊಳಗೆ ಸರಿ ಮಾಡಿಕೊಟ್ಟ. ಆಕೆಯ ಡಬ್ಬಿಗೆ ಚಳಿಗಾಲದಲ್ಲಿ ಏನೋ ಆಯಿತು. ಅಂಗಡಿಯವನು ಹೇಳಿದ ಹಾಗೆಯೇ ಇಲ್ಲಿ ಯಾರೂ ಬಿಚ್ಚಲಿಲ್ಲ, ಕಂಪನಿಗೆ ಕಳಿಸಬೇಕಾಯಿತು. ಬರಲು ಎಷ್ಟೋ ವಾರ ಹಿಡಿಯಿತು. ಆ ದಿನಗಳಲ್ಲಿ ನಾನು ಕೆಲಸ ಮುಗಿಸಿ ಎದ್ದ ಮೇಲೆ ಆಕೆ ನನ್ನ ಗಿರಣಿಯ ಮುಂದೆ ಕೂತು ಆಡುತ್ತಿದ್ದಳು.

ಈಗ ದಾಳಿಂಬದಲ್ಲಿ ಆ ಕಟ್ಟಡದ ಗೋಡೆಗಳು ಎದ್ದಿವೆ. ನನಗೆ ಕೆಲಸವೂ ಹೆಚ್ಚಾಗಿದೆ. ಕಾಲೇಜಿನ ಹುಡುಗಿಯರು ಬಂದು, "ಮ್ಯಾಡಂ, ಅಂಥ ಸಣ್ಣ ಕಂಪ್ಯೂಟರ್‌ಗೆ ಅಷ್ಟು ರೊಕ್ಕ ಕೊಡಬಹುದೇನ್ರಿ?" ಅಂತ ಕೇಳುತ್ತಾರೆ. ಒಂದೇ ಕಡೆ ಕೂತು ಕೆಲಸ ಮಾಡುವುದಾದರೆ ಬೇಡ, ಅದೇ ಶಕ್ತಿ ಎಷ್ಟೋ ಕಮ್ಮಿಗೆ ಸಿಗುತ್ತದೆ, ಹೊತ್ತುಕೊಂಡು ತಿರುಗುವುದಿದ್ದರೆ ಮಾತ್ರ ನೋಡಿ ಅನ್ನುತ್ತೇನೆ. ಅದು ನಿಜವೂ ಹೌದು.

ಆದರೆ ಹೊಟ್ಟೆಕಿಚ್ಚು ಹೋಗಿದೆಯೇ ಅಂದರೆ, ಇಲ್ಲ. ಡಬ್ಬಿಯ ಮೇಲಿನದು ಕಡಿಮೆಯಾಗಿದೆ. ನಾಳೆ ದುಡ್ಡು ಕೂಡಿದರೆ ನಾನೂ ಒಂದು ತರಿಸಬಹುದು. ಆದರೆ ಅಂಬಿಕಾ ಅವತ್ತು ಹೊರಟು ನಿಂತ ಬಸ್ಸಿನಿಂದ ಎರಡು ಮಾತಿಲ್ಲದೆ ಇಳಿದಳಲ್ಲ, ಅದು ನನ್ನಿಂದ ಆಗುತ್ತಿತ್ತೇ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಆಕೆಯ ಮೇಲೆ ಸಣ್ಣಗೆ ಉರಿಯುತ್ತದೆ.