ಹುರುಳಿ ಹಾಸಿದ ರಸ್ತೆಯಲ್ಲಿ ಅಕ್ಕನ ಕಾರು

ಅಕ್ಕ ಹೊಸ ಆಟೋಮ್ಯಾಟಿಕ್ ಕಾರು ತಂದಾಗ ಅವ್ವನಿಗೆ ಬಹಳ ಹಿಡಿಸಿದ್ದು ಸ್ಟೇರಿಂಗ್ ಹಿಂದೆ ಎರಡೂ ಕಡೆ ಚಾಚಿಕೊಂಡಿದ್ದ ಪ್ಯಾಡಲ್‌ಗಳು. "ಆಕಳ ಕಿವಿ ಇದ್ದಂಗ ಅದಾವು" ಎಂದಳು. ಎಡದ ಕಿವಿ ಎಳೆದರೆ ಗೇರು ಇಳಿಯುತ್ತದೆ, ಬಲದ್ದು ಎಳೆದರೆ ಏರುತ್ತದೆ.

"ಗೇರು ತಾನ ಬೀಳೂ ಕಾರ್ ತಂದು, ಮತ್ತ ಕೈಲೆ ಯಾಕ ಹಾಕ್ತಿ?" ಎಂದು ನಾನು ಅಕ್ಕನನ್ನು ಕೆಣಕುತ್ತಿದ್ದೆ.

"ನಿನಗ ಹೊಡಿಯಾಕ ಕೊಟ್ಟಿಲ್ಲಂತ ಹೊಟ್ಟಿಕಿಚ್ಚು. ಸುಮ್ನ ಕುಂದ್ರು."

ಸುಗ್ಗಿಯ ಒಂದು ಮಧ್ಯಾಹ್ನ ಮೂವರೂ ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೊರಟಿದ್ದೆವು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಬಳ್ಳಿಯನ್ನು ಡಾಂಬರು ರಸ್ತೆಗೆ ಹಾಸಿಬಿಡುತ್ತಾರೆ. ಹೋಗಿ ಬರುವ ಗಾಡಿಗಳ ಗಾಲಿಗಳೇ ಕಾಳು ಬಿಡಿಸುತ್ತವೆ. ದಿಬ್ಬ ಹತ್ತಿ ಇಳಿಯುವಾಗ ಮುಂದೆ ರಸ್ತೆ ತುಂಬ ಹುರುಳಿ. ಅದರ ಆಚೆ ತುದಿಯಲ್ಲಿ ಒಬ್ಬ ಅಜ್ಜಿ, ನಮಗೆ ಬೆನ್ನು ಮಾಡಿ ಕುಳಿತು ಕಾಳು ಬಳಿಯುತ್ತಿದ್ದಳು.

ಅಕ್ಕ ಹಾರ್ನ್ ಹೊಡೆದಳು. ಅಜ್ಜಿ ಕದಲಲಿಲ್ಲ. ಬ್ರೇಕ್ ಒತ್ತಿದಳು. ಬಳ್ಳಿಯ ಮೇಲೆ ಗಾಲಿ ಹಿಡಿತ ತಪ್ಪಿ ಕಾರು ಜಾರತೊಡಗಿತು. ಎಡಕ್ಕೆ ಆಳದ ತಗ್ಗು, ಬಲಕ್ಕೆ ನಿಂತ ಟ್ರ್ಯಾಕ್ಟರ್. ಅಜ್ಜಿಯ ಹಸಿರು ಕುಪ್ಪಸದ ಬೆನ್ನು ದೊಡ್ಡದಾಗುತ್ತ ಬಂತು. ಈಗಲೂ ಕಣ್ಣು ಮುಚ್ಚಿದರೆ ಅದೇ ಬೆನ್ನು ಬರುತ್ತದೆ, ಇಲ್ಲದ ಬ್ರೇಕನ್ನು ನನ್ನ ಕಾಲು ತುಳಿಯುತ್ತದೆ.

ಅಕ್ಕ ಬ್ರೇಕಿನಿಂದ ಕಾಲು ತೆಗೆದಳು. ಎಡದ ಕಿವಿಯನ್ನು ಎಳೆದಳು, ಮತ್ತೆ ಎಳೆದಳು. ಎಂಜಿನ್ ಗುರ್ ಎಂದಿತು, ಯಾರೋ ಹಿಂದಿನಿಂದ ಹಗ್ಗ ಹಾಕಿ ಜಗ್ಗಿದಂತೆ ಕಾರು ನಿಧಾನವಾಯಿತು. ಆಮೇಲೆ ಮೆಲ್ಲಗೆ ಬ್ರೇಕ್ ಒತ್ತಿದಾಗ ಅಜ್ಜಿಯಿಂದ ಒಂದು ಮಾರು ದೂರದಲ್ಲಿ ನಿಂತಿತು.

ನಾನು ಇಳಿದು ಓಡಿದೆ. "ಹಾರ್ನ್ ಕೇಳ್ಲಿಲ್ಲೇನು ಅಮ್ಮಾ?"

"ಕೇಳ್ತಪಾ. ಎಲ್ಲಾರೂ ಹೊಡೀತಾರ. ಹೊಡದಾಗೆಲ್ಲ ಎದ್ರ ಕಾಳು ಯಾರು ಬಳೀಬೇಕು?" ಆಮೇಲೆ ಅಕ್ಕನ ಕಡೆ ತಿರುಗಿ, "ಭಾಳ ಛಲೋ ಬಂದಿ ನೋಡವ್ವ, ಮೆಲ್ಲಕ. ಮಂದಿ ಹಾರಿಸ್ಕೊಂಡು ಹೋಗ್ತಾರ, ಕಾಳು ಬಿಡೂದ ಇಲ್ಲ. ಇನ್ನೊಂದೆರಡು ಸಲ ಹಾಯ್ಸು."

ಅವ್ವ ಮೊದಲು ನಕ್ಕಳು, ಆಮೇಲೆ ಅಕ್ಕ, ಕೊನೆಗೆ ನಾನೂ. ಅವ್ವ ಇಳಿದು ಅಜ್ಜಿಯನ್ನು ರಸ್ತೆಯ ದಂಡೆಗೆ ಕರೆದೊಯ್ದಳು, ನಾನು ಮತ್ತೆ ಕಾರು ಹತ್ತಿದೆ. ಅಕ್ಕ ಚಿಕ್ಕ ಗೇರಿನಲ್ಲೇ ಕಾರನ್ನು ಹಿಂದಕ್ಕೂ ಮುಂದಕ್ಕೂ ಹಾಯಿಸಿದಳು. ಗಾಲಿಯಡಿ ಕಾಯಿ ಚಟಚಟ ಒಡೆಯುತ್ತಿದ್ದವು.

ಕಾರು ತಿರುಗಿದಾಗಲೆಲ್ಲ ನಾನು ಮೊದಲು ಹುಡುಕುತ್ತಿದ್ದದ್ದು ಆ ಹಸಿರು ಕುಪ್ಪಸವನ್ನು. ಅದು ದಂಡೆಯ ಕಲ್ಲಿನ ಮೇಲೆ, ಅವ್ವನ ಪಕ್ಕದಲ್ಲಿ, ಎಲೆ ಅಡಿಕೆ ಹಾಕುತ್ತ ಕುಳಿತಿತ್ತು.